ನಿಂತ ದಿನ ಫೋನ್ ಮಾಡಿ

ಅವರು ತೀರಿಕೊಂಡ ಸುದ್ದಿ ಟೋಕಿಯೋದ ನಮ್ಮ ಓಜಿಮಾ ಬಡಾವಣೆಯ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ದೋಸೆ ಹುಯ್ಯುತ್ತಿದ್ದೆ. ಹೆಸರಿನ ಕೆಳಗೆ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ನಡುವೆ ಹೊಸಬರೊಬ್ಬರು, "ಸಾರಿ, ಇವರು ಯಾರು ಅಂತ ಗೊತ್ತಾಗ್ಲಿಲ್ಲ" ಎಂದು ಬರೆದರು. ಹಳಬರೊಬ್ಬರು, "ಅದೇ ರೀ, ನಮ್ಮ ಗ್ಯಾಸ್ ಅಂಕಲ್" ಎಂದು ಉತ್ತರ ಕೊಟ್ಟರು. ನೆನಪುಗಳು ಶುರುವಾದದ್ದು ಆಮೇಲೆ. ನಾನು ಒಲೆ ಆರಿಸಿ, ಅದರ ಗುಂಡಿಯ ಕಡೆ ತೋರುಬೆರಳು ಚಾಚಿ, "ಆರಿದೆ" ಎಂದು ಗಟ್ಟಿಯಾಗಿ ಹೇಳಿ ಕುರ್ಚಿಯಲ್ಲಿ ಕೂತೆ. ಈ ಅಭ್ಯಾಸ ನನಗೆ ಅಂಟಿಸಿದವರೂ ಅವರೇ.

ಗುಂಪಿನಲ್ಲಿ ಬಂದದ್ದೆಲ್ಲ ನಿಜವೇ. ಕೊಂಬಿನಿ ಎನ್ನುವ ಇಲ್ಲಿನ ಮೂಲೆಯಂಗಡಿಯಲ್ಲಿ ಕೊಂಡ ಅನ್ನದ ಉಂಡೆಯ ಹೊಟ್ಟೆ ಸೀಳಿ ಒಳಗೆ ಚಟ್ನಿಪುಡಿ ತುಂಬುತ್ತಿದ್ದರು, ಯುಗಾದಿ ಊಟಕ್ಕೆ ಬಂದರೆ ಎಲೆ ನೋಡುವ ಮೊದಲು ಸಭಾಂಗಣದ ಬೆಂಕಿ ಅಲಾರಮ್ಮನ್ನು ನೋಡುತ್ತಿದ್ದರು, ಯಾರ ಅಡುಗೆಯನ್ನೂ ಹೊಗಳುತ್ತಿರಲಿಲ್ಲ. ಆದರೆ ಇಷ್ಟೇ ಹೇಳಿದರೆ ಅವರು ಬರೀ ವಿಚಿತ್ರದ ಮನುಷ್ಯ ಎನಿಸುತ್ತದೆ. ನನಗೆ ಅವರು ಕಂಪ್ಯೂಟರಿನ ಸಿ ಭಾಷೆ ಕಲಿಸಿದ ಮೇಷ್ಟ್ರು. ನಾನು ಇವತ್ತು ತಿನ್ನುತ್ತಿರುವ ಅನ್ನದಲ್ಲಿ ಅವರದೂ ಪಾಲಿದೆ.

ನಾನು ಅವರನ್ನು ಮೊದಲು ಕಂಡದ್ದು ದೊಡ್ಡ ಭೂಕಂಪದ ದಿನ ಸಂಜೆ. ಟೋಕಿಯೋಗೆ ಬಂದು ನಮಗೆ ವರ್ಷವೂ ಆಗಿರಲಿಲ್ಲ. ರೈಲುಗಳೆಲ್ಲ ನಿಂತಿದ್ದರಿಂದ ನನ್ನ ಗಂಡ ತೊಯೊಸುವಿನ ಆಫೀಸಿನಿಂದ ನಡೆದುಕೊಂಡು ಬರುತ್ತಿದ್ದರು. ಲಿಫ್ಟೂ ನಿಂತಿತ್ತು. ಮಗಳು ಸೊಂಟದ ಮೇಲೆ ಅಳುತ್ತಿದ್ದಳು, ಹಾಲು ಕಾಯಿಸೋಣವೆಂದರೆ ಒಲೆ ಹತ್ತುತ್ತಿರಲಿಲ್ಲ. ನಮ್ಮ ಮಹಡಿಯವರೆಲ್ಲ ಹೊರಗೆ ಕಾರಿಡಾರಿನಲ್ಲಿ ಸುಮ್ಮನೆ ನಿಂತಿದ್ದರು. ಆಗ ಆ ತುದಿಯಿಂದ ಟಾರ್ಚು ಹಿಡಿದ ಒಬ್ಬರು ಬಂದರು. ಪ್ರತಿ ಮನೆಯ ಬಾಗಿಲ ಪಕ್ಕದಲ್ಲೂ ಗ್ಯಾಸ್ ಮೀಟರಿಗೆಂದು ಒಂದು ಕಬ್ಬಿಣದ ಗೂಡಿರುತ್ತದೆ. ಅದನ್ನು ತೆರೆದು ಇಣುಕಿ, ಒಳಗೆ ಮಿಣುಕುವ ಕೆಂಪು ದೀಪಕ್ಕೆ ಬೆರಳು ತೋರಿಸಿ, ಜಪಾನಿಯಲ್ಲಿ ಏನೋ ಕೂಗಿ, ಮುಂದಿನ ಮನೆಗೆ ಹೋಗುತ್ತಿದ್ದರು. ಮುಖದಲ್ಲಿ ಹಿಗ್ಗು. ನಾನು ಮಗಳನ್ನು ಕನ್ನಡದಲ್ಲಿ ಸಮಾಧಾನ ಮಾಡುತ್ತಿದ್ದುದು ಕೇಳಿಸಿತೇನೋ, ನಮ್ಮ ಗೂಡು ತೆರೆದು, "ನಿಂತಿದೆ! ನೋಡಿ ಮೇಡಂ, ಎಷ್ಟು ಚೆನ್ನಾಗಿ ನಿಂತಿದೆ!" ಎಂದರು.

ತಲೆ ಕೆಟ್ಟಿದೆ ಎಂದುಕೊಂಡೆ. ಉತ್ತರದ ಕರಾವಳಿಗೆ ಸುನಾಮಿ ಬಡಿದ ಸುದ್ದಿ ಅವರಿಗೆ ಆಗ ಇನ್ನೂ ತಲುಪಿರಲಿಲ್ಲ. ತಲುಪಿದ ಮೇಲೆ ಎಷ್ಟೋ ದಿನ ಅವರು ಯಾರೊಂದಿಗೂ ಮಾತಾಡಲಿಲ್ಲ ಎನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು.

"ನಿಂತಿದೆ ಅಂತ ಗೊತ್ತು. ಮಗುಗೆ ಹಾಲು ಕಾಯಿಸ್ಬೇಕು" ಎಂದೆ, ಸ್ವಲ್ಪ ಜೋರಾಗಿಯೇ.

"ಕಾಯಿಸೋಣ. ಒಳಗೆ ಒಲೆ ಗುಂಡಿ ಎಲ್ಲ ಮುಚ್ಚಿದೆಯಾ ನೋಡ್ಕೊಂಡು ಬನ್ನಿ."

ನೋಡಿ ಬಂದೆ. ಅವರು ಮೀಟರಿನ ಒಂದು ಗುಂಡಿ ಒತ್ತಿದರು. ಇನ್ನು ಮೂರು ನಿಮಿಷ ಕಾಯಬೇಕು, ಅಷ್ಟರಲ್ಲಿ ಅದು ಎಲ್ಲಾದರೂ ಸೋರುತ್ತಿದೆಯೇ ಎಂದು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ ಎಂದರು. ಕಾಯುವಾಗ ಸುಮ್ಮನಿರಲಾರದೆ ಕೇಳಿದೆ, ಭೂಮಿ ನಡುಗಿದ್ದು ಆ ಡಬ್ಬಿಗೆ ಹೇಗೆ ಗೊತ್ತಾಯಿತು ಎಂದು.

"ಒಳಗೆ ಒಂದು ಪುಟ್ಟ ಉಕ್ಕಿನ ಗುಂಡಿದೆ. ಅಲ್ಲಾಡಿದ್ರೆ ಸುದ್ದಿ ಕೊಡತ್ತೆ. ಸುದ್ದಿ ಬಂದ್ರೆ ಗ್ಯಾಸಿನ ಬಾಗಿಲು ಹಾಕು ಅಂತ ಒಂದು ಸಾಲು ಬರೆದಿರತ್ತೆ, ಅಷ್ಟೇ."

"ಯಾರು ಬರೆದಿದ್ದು?"

ಅವರು ಮೊದಲ ಸಲ ನಾಚಿಕೊಂಡರು. "ನಾವೇ ಒಂದಿಷ್ಟು ಜನ" ಎಂದರು. ದೀಪ ಆರಿತು, ಒಲೆ ಹತ್ತಿತು, ಹಾಲು ಕಾಯಿತು.

ಮೈಸೂರಿನ ಕಾಲೇಜೊಂದರಲ್ಲಿ ನಾನು ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದವಳು. ಇಲ್ಲಿಗೆ ಬಂದ ಮೇಲೆ ನನ್ನ ಗುರುತಿನ ಕಾರ್ಡಿನಲ್ಲಿ ನಾನು ಈ ದೇಶದಲ್ಲಿ ಏಕಿದ್ದೇನೆ ಎನ್ನುವುದಕ್ಕೆ 'ಕುಟುಂಬ ವಾಸ' ಎಂದು ಬರೆದಿತ್ತು. ಅದರಲ್ಲಿ ಸುಳ್ಳೇನೂ ಇಲ್ಲ, ಆದರೂ ಓದಿದಾಗಲೆಲ್ಲ ಮೈ ಉರಿಯುತ್ತಿತ್ತು. ನನ್ನದೇ ಒಂದು ಕೆಲಸ ಬೇಕಿತ್ತು. ಸಸ್ಯಶಾಸ್ತ್ರವನ್ನು ಜಪಾನಿ ಭಾಷೆಯಲ್ಲಿ ಪಾಠ ಮಾಡುವ ಯೋಗ್ಯತೆ ಈ ಜನ್ಮದಲ್ಲಿ ಬರುವುದಿಲ್ಲ ಎಂದು ಗೊತ್ತಿತ್ತು. ಅಂದು ಆ ಮೂರು ನಿಮಿಷದಲ್ಲಿ, ಗೋಡೆಯ ಗೂಡಿನಲ್ಲಿ ಕೂತು ಇಡೀ ಮನೆಯನ್ನು ಕಾಯುವ ಆ ಒಂದು ಸಾಲು ನನಗೆ ಬಹಳ ಹಿಡಿಸಿತು. ಬೇಸಿಗೆ ಬರುವ ಹೊತ್ತಿಗೆ ಅವರ ಮನೆ ಬಾಗಿಲು ತಟ್ಟಿ, ಹೇಳಿಕೊಡಿ ಎಂದು ಕೇಳಿದೆ.

"ನಿಮ್ಮ ಯಜಮಾನ್ರು ಸಾಫ್ಟ್‌ವೇರಲ್ಲೇ ಇದಾರಲ್ಲ. ಅವರೇ ಹೇಳ್ಕೊಡ್ತಾರೆ."

"ಅವರು ಹೇಳ್ಕೊಟ್ರೆ ಜಗಳ ಆಗತ್ತೆ ಸಾರ್."

ಈ ಕಾರಣ ಅವರಿಗೆ ಕೂಡಲೇ ಒಪ್ಪಿಗೆಯಾಯಿತು. ಭಾನುವಾರ ಬೆಳಿಗ್ಗೆ, ನಮ್ಮ ಕಟ್ಟಡಗಳ ಮಧ್ಯೆ ಇದ್ದ ನಿವಾಸಿಗಳ ಸಭಾಕೋಣೆಯಲ್ಲಿ ಪಾಠ ಶುರುವಾಯಿತು. ಮೊದಲಿಗೆ ನಾಲ್ಕೈದು ಜನ ಹೆಂಗಸರಿದ್ದೆವು. ಮೇಷ್ಟ್ರ ಬಾಯಿಗೆ ಹೆದರಿ ಒಬ್ಬೊಬ್ಬರೇ ಬಿಟ್ಟು, ಕೊನೆಗೆ ನಾನು ಮತ್ತು ಬಣ್ಣದ ಪೆನ್ಸಿಲು ಹಿಡಿದು ಮೂಲೆಯಲ್ಲಿ ಕೂರುತ್ತಿದ್ದ ನನ್ನ ಮಗಳು ಇಬ್ಬರೇ ಉಳಿದೆವು.

ಮೊದಲ ಪಾಠಕ್ಕೆ ಅವರು ಕಂಪ್ಯೂಟರ್ ತರಲಿಲ್ಲ. ನಮ್ಮನ್ನು ಹೊರಗೆ ಕರೆದುಕೊಂಡು ಹೋಗಿ ಕಾರಿಡಾರಿನ ಸೂರು ತೋರಿಸಿದರು. ಆ ಬೇಸಿಗೆ ವಿದ್ಯುತ್ತಿಗೆ ಬರವಾಗಿ, ಕಟ್ಟಡದ ಮೇಲ್ವಿಚಾರಕ ಏಣಿ ಹಾಕಿ ಒಂದು ಬಿಟ್ಟು ಒಂದು ಟ್ಯೂಬ್‌ಲೈಟು ಕಳಚಿದ್ದ. ಎಂಟು ಜಾಗ, ನಾಲ್ಕು ದೀಪ.

"ಇದೇ ಒಂದು ಬೈಟ್. ಉರಿಯೋದು ಒಂದು, ಇಲ್ದೇ ಇರೋದು ಸೊನ್ನೆ. ಮೇಲ್ವಿಚಾರಕ ಏಣಿ ಹತ್ತುವಾಗ ತಲೇಲಿ ಒಂದು ಪಟ್ಟಿ ಇಟ್ಕೊಂಡಿದ್ದ. ಇದು ಇರಲಿ, ಇದು ಬೇಡ, ಇದು ಇರಲಿ, ಇದು ಬೇಡ. ಇರಲಿ ಅನ್ನೋದು ಒಂದು, ಬೇಡ ಅನ್ನೋದು ಸೊನ್ನೆ. ಆಮೇಲೆ ಎರಡನ್ನೂ ಮೇಲೆ ಕೆಳಗೆ ಇಟ್ಟು ನೋಡಿದ. ದೀಪಾನೂ ಇದ್ದು, ಪಟ್ಟಿಯಲ್ಲಿ ಇರಲಿ ಅಂತಾನೂ ಇದ್ರೆ ಮಾತ್ರ ದೀಪ ಉಳೀತು. ಇದಕ್ಕೆ ಆಂಡ್ ಅಂತಾರೆ. ಎರಡರಲ್ಲಿ ಒಂದು ಕಡೆ ಇದ್ರೂ ಸಾಕು ಅಂದ್ರೆ ಅದು ಆರ್."

"ಎಲ್ಲ ದೀಪಾನೂ ವಾಪಸ್ ಹಾಕ್ಬೇಕು ಅಂದ್ರೆ?" ಎಂದೆ.

"ಪಟ್ಟಿ ತುಂಬ ಒಂದು ಬರೆದು ಆರ್ ಮಾಡಿ. ಸರ್ಕಾರ ಕರೆಂಟು ಕೊಟ್ರೆ."

ಹೀಗೆ ಶುರುವಾದ ವಿದ್ಯೆ. ಕೂಡುವುದು, ಕಳೆಯುವುದು, ಗುಣಿಸುವುದು ಒಂದೇ ಭಾನುವಾರಕ್ಕೆ ಮುಗಿದವು. ಭಾಗಾಕಾರದಲ್ಲಿ ನನಗೊಂದು ಏಟು ಬಿತ್ತು. ಏಳನ್ನು ಎರಡರಿಂದ ಭಾಗಿಸಿದರೆ ಯಂತ್ರ ಮೂರು ಎಂದಿತು. ಉಳಿದ ಅರ್ಧ ಎಲ್ಲಿ ಹೋಯಿತು ಎಂದೆ. "ಅದು ಪೂರ್ಣಸಂಖ್ಯೆ ಡಬ್ಬಿ. ಅರ್ಧ ಹಿಡಿಯಲ್ಲ, ಚೆಲ್ಲತ್ತೆ. ಚೆಲ್ಲಿದ್ದು ಹೇಳೋದೂ ಇಲ್ಲ. ಇದು ನಿಮ್ಮ ಯಜಮಾನ್ರ ಭಾಷೆ ಅಲ್ಲ ಮೇಡಂ, ಇಲ್ಲಿ ಯಾರೂ ನಿಮ್ಮ ಕೈ ಹಿಡಿಯಲ್ಲ" ಎಂದರು.

ನನ್ನ ಗಂಡನ ಕೆಲಸವನ್ನು ಕೆಣಕುವುದು ಅವರಿಗೊಂದು ಚಟ. "ಅವರು ಮೋಡದಲ್ಲಿ ಕೆಲಸ ಮಾಡೋರು, ನಾವು ಗೋಡೇಲಿ" ಎನ್ನುತ್ತಿದ್ದರು. ಒಮ್ಮೆ ನನ್ನ ಗಂಡ ಬಿಡಲಿಲ್ಲ. "ಸಾರ್, ನೀವು ಹತ್ತು ಸಾಲು ಬರೆಯೋಕೆ ಒಂದು ತಿಂಗಳು ತಗೋತೀರಂತೆ?" ಎಂದು ಕೇಳಿಯೇಬಿಟ್ಟರು.

"ಹೌದಪ್ಪ. ನಿಮ್ದು ತಪ್ಪಾದ್ರೆ ಸಂಜೆ ಅಪ್‌ಡೇಟ್ ಕಳಿಸ್ತೀರ. ನಮ್ಮ ಮೀಟರು ಗೋಡೆ ಹತ್ತಿದ್ರೆ ಹತ್ತು ವರ್ಷ ಕೆಳಗಿಳಿಯಲ್ಲ. ಅಲ್ಲೀವರ್ಗೂ ಅದರೊಳಗೆ ನಾವು ಬರೆದಿದ್ದೇ ಗತಿ."

ಬೆರಳಿನ ವಿಷಯಕ್ಕೆ ಬರುತ್ತೇನೆ. ಇಲ್ಲಿನ ರೈಲು ಚಾಲಕರು ಬಿಳಿ ಕೈಗವಸು ತೊಟ್ಟು, ಸಿಗ್ನಲ್ ಕಂಡ ಕೂಡಲೇ ಅದಕ್ಕೆ ಬೆರಳು ಚಾಚಿ, ಕಂಡದ್ದನ್ನು ಗಟ್ಟಿಯಾಗಿ ಹೇಳಿ, ಕೊನೆಗೆ 'ಯೋಷಿ' ಎನ್ನುತ್ತಾರೆ. ಸರಿಯಾಗಿದೆ ಎಂದರ್ಥ. ಮೇಷ್ಟ್ರು ಕೆಲಸ ಮಾಡುತ್ತಿದ್ದ ಮೀಟರ್ ಕಾರ್ಖಾನೆಯಲ್ಲೂ ಇದೇ ಪದ್ಧತಿಯಂತೆ. ಅವರು ಅದನ್ನು ಪ್ರೋಗ್ರಾಮಿಗೂ ತಂದಿದ್ದರು. ಬರೆದು ಮುಗಿಸಿ ಕಂಪೈಲ್ ಮಾಡಿ ಯಂತ್ರಕ್ಕೆ ಕೊಡುವ ಮೊದಲು ಎದ್ದು ನಿಂತು, ಪ್ರತಿ ಸಾಲಿಗೂ ಬೆರಳಿಟ್ಟು, ಅಲ್ಲಿ ಏನಿದೆಯೋ ಅದನ್ನು ಕೂಗಿ ಹೇಳಬೇಕು. ನನಗೆ ನಾಚಿಕೆಯಾಗುತ್ತಿತ್ತು. ಹೊರಗೆ ಓಡಾಡುವ ಅಜ್ಜಿಯರು ಕಿಟಕಿಯಿಂದ ಇಣುಕುತ್ತಿದ್ದರು. ಮಗಳಿಗೆ ಮಾತ್ರ ಪರಮಾನಂದ, ನಾನು ಒಂದೊಂದು ಸಾಲು ಮುಗಿಸಿದಾಗಲೂ ಮೂಲೆಯಿಂದ "ಯೋಷಿ!" ಎಂದು ಕಿರುಚುತ್ತಿದ್ದಳು. ಅವಳು ಕಲಿತ ಮೊದಲ ಜಪಾನಿ ಮಾತುಗಳಲ್ಲಿ ಅದೂ ಒಂದು.

ಅಭ್ಯಾಸಕ್ಕೆಂದು ಅವರು ಒಂದು ಪುಟ್ಟ ಸರ್ಕ್ಯೂಟ್ ಬೋರ್ಡು ತಂದಿದ್ದರು. ಅದರ ಮೇಲೆ ಒಂದು ಉಕ್ಕಿನ ಗುಂಡು, ಒಂದು ಕೆಂಪು ದೀಪ. ಮೇಜು ಅಲ್ಲಾಡಿಸಿದರೆ ದೀಪ ಹತ್ತಬೇಕು, ಇಲ್ಲದಿದ್ದರೆ ಹತ್ತಬಾರದು. ಅಂದರೆ ಮೀಟರಿನ ಆ ಒಂದು ಸಾಲನ್ನು ನಾನೇ ಬರೆಯಬೇಕು. ಬರೆದೆ. ಎದ್ದು ನಿಂತು ಬೆರಳಿಟ್ಟು, "ಕಂಪನ ಒಂದಕ್ಕೆ ಸಮವಾಗಿದ್ದರೆ ಬಾಗಿಲು ಮುಚ್ಚು" ಎಂದು ಕೂಗಿದೆ. ಮಗಳು ಯೋಷಿ ಎಂದಳು. ಬೋರ್ಡಿಗೆ ಕರೆಂಟು ಕೊಟ್ಟ ಕೂಡಲೇ, ಯಾರೂ ಮುಟ್ಟದೆಯೇ, ಕೆಂಪು ದೀಪ ಹತ್ತಿಕೊಂಡು ಕೂತಿತು.

"ಇನ್ನೊಂದ್ಸಲ ಓದಿ."

ಓದಿದೆ. ಅದೇ ಬಂತು. ಮತ್ತೊಮ್ಮೆ ಓದಿಸಿದರು. ಮತ್ತೂ ಅದೇ ಬಂತು. ಆಗ ಅವರು ಕುರ್ಚಿಗೆ ಒರಗಿ, "ನಿಮ್ಮನೇಲಿ ಶುಕ್ರವಾರ ಸ್ತೋತ್ರ ಓದ್ತೀರಾ?" ಎಂದರು.

"ಓದ್ತೀವಿ."

"ಪುಸ್ತಕ ನೋಡ್ಕೊಂಡಾ?"

"ಪುಸ್ತಕ ಮುಂದೆ ಇರತ್ತೆ ಸಾರ್. ಬಾಯಿಗೆ ಬರತ್ತಲ್ಲ."

"ಅದೇ ನೋಡಿ. ಪುಸ್ತಕ ತೆರೆದಿರತ್ತೆ, ಬೆರಳು ಸಾಲಿನ ಮೇಲೇ ಇರತ್ತೆ, ಕಣ್ಣು ಬಾಗಿಲ ಕಡೆ ಇರತ್ತೆ. ನಮ್ಮೂರೋರು ಬೆರಳಿಟ್ಟು ಓದಿದ್ರೆ ಪ್ರಯೋಜನ ಇಲ್ಲ. ನಾನು ಸೇರಿದ ಹೊಸದ್ರಲ್ಲಿ ನಂದೂ ಇದೇ ರೋಗ. ಜಪಾನಿನವರು ಕಂಡಿದ್ದನ್ನ ಕೂಗ್ತಾರೆ. ನಾವು ಬಾಯಿಗೆ ಬಂದಿದ್ದನ್ನ ಕೂಗ್ತೀವಿ."

ಆ ಸಾಲಿನಲ್ಲಿ ನಾನು ಎರಡು ಸಮಚಿಹ್ನೆ ಹಾಕುವ ಕಡೆ ಒಂದೇ ಹಾಕಿದ್ದೆ. ಸಿ ಭಾಷೆಯಲ್ಲಿ ಎರಡು ಹಾಕಿದರೆ ಡಬ್ಬಿಯಲ್ಲಿ ಸಕ್ಕರೆ ಇದೆಯೇ ಎಂದು ಕೇಳಿದಂತೆ, ಒಂದೇ ಹಾಕಿದರೆ ಸಕ್ಕರೆ ಸುರಿದಂತೆ. ನಾನು ಕಂಪನ ಇದೆಯೇ ಎಂದು ಕೇಳುವ ಬದಲು ಕಂಪನವನ್ನು ಸುರಿದುಬಿಟ್ಟಿದ್ದೆ. ಮೂರು ಸಲ ಬೆರಳಿಟ್ಟು ಓದಿದರೂ, ಬರೆದದ್ದು ಕಾಣದೆ ಬರೆಯಬೇಕೆಂದಿದ್ದದ್ದೇ ಕಂಡಿತ್ತು.

"ಇನ್ಮೇಲೆ ಕೊನೆ ಸಾಲಿಂದ ಮೇಲಕ್ಕೆ ಓದ್ಕೊಂಡು ಬನ್ನಿ. ಒಂದೊಂದು ಸಾಲನ್ನೂ ಬಲದಿಂದ ಎಡಕ್ಕೆ. ಸ್ತೋತ್ರ ಹಿಂದುಮುಂದಾಗಿ ಯಾರ ಬಾಯಿಗೂ ಬರಲ್ಲ" ಎಂದರು. ಅಂದಿನಿಂದ ನಾನು ಹಾಗೇ ಓದುತ್ತೇನೆ. ಮೊದಮೊದಲು ತಲೆ ಸಿಡಿಯುತ್ತಿತ್ತು, ಈಗ ಬೇರೆ ರೀತಿ ಓದಲು ಬರುವುದಿಲ್ಲ.

ಎರಡು ವರ್ಷ ಕಲಿತೆ. ಒಂದು ದಿನವೂ ಚೆನ್ನಾಗಿದೆ ಎನ್ನಲಿಲ್ಲ. ಅವರ ಹೆಂಡತಿ ಫುಕುವೋಕಾದ ವಿಶ್ವವಿದ್ಯಾಲಯದಲ್ಲಿ ಸಂಶೋಧಕಿ. ಗಂಡ ಒಂದು ತುದಿ, ಹೆಂಡತಿ ಒಂದು ತುದಿ, ಸಂಜೆಗೊಂದು ಫೋನು, ಹೀಗೆ ನಡೆದಿತ್ತು ಸಂಸಾರ. ಹೆಂಡತಿಯನ್ನು ಮೇಷ್ಟ್ರು 'ನಮ್ಮ ಮೇಡಂ' ಎಂದೇ ಕರೆಯುತ್ತಿದ್ದರು. ಮೇಡಂ ಒಮ್ಮೆ ಟೋಕಿಯೋಗೆ ಬಂದಾಗ ನಾನು ಈ ದೂರು ಹೇಳಿಕೊಂಡೆ. ಅವರು ನಕ್ಕು, "ಮದುವೆ ಆದ ಹೊಸದ್ರಲ್ಲಿ ನಾನೇ ಒಂದ್ಸಲ, ನೀವು ಒಳ್ಳೆಯವರು ಕಣ್ರೀ ಅಂದೆ. ಯಾವ ಪರೀಕ್ಷೆ ಮಾಡಿ ಹೇಳ್ತಿದೀಯ ಅಂತ ಕೇಳಿದ್ರಮ್ಮ" ಎಂದರು. ಗಂಡ ಪಕ್ಕದಲ್ಲೇ ಕೂತು ಅನ್ನದುಂಡೆಗೆ ಚಟ್ನಿಪುಡಿ ತುಂಬುತ್ತಿದ್ದರು, ತಲೆ ಎತ್ತಲಿಲ್ಲ.

ನಾನೂ ಒಮ್ಮೆ ನೇರವಾಗಿ ಕೇಳಿದ್ದೆ, ನನಗೆ ಬಂದಿದೆಯೋ ಇಲ್ಲವೋ ಹೇಳಿ ಎಂದು. "ಪರೀಕ್ಷೆ ನಾನು ಮಾಡಲ್ಲ ಮೇಡಂ. ಭೂಮಿ ಮಾಡತ್ತೆ" ಎಂದುಬಿಟ್ಟರು. ನಿಜವಾಗಿ ಸಿಟ್ಟು ಬಂದಿತ್ತು.

ಕೆಲಸದ ಸಂದರ್ಶನ ನಮ್ಮ ಕೋಟೋ ವಾರ್ಡಿನಲ್ಲೇ ಒಂದು ಸಣ್ಣ ಕಂಪನಿಯಲ್ಲಿ. ಮೀಟರುಗಳ ಒಳಗಿನ ಬೋರ್ಡು ತಯಾರಿಸುವವರು. ಮೇಷ್ಟ್ರ ಕಾರ್ಖಾನೆಯಲ್ಲ, ಬೇರೆ. ಅವರು ಶಿಫಾರಸು ಮಾಡುವ ಜಾತಿಯೇ ಅಲ್ಲ. ಆ ವಿಭಾಗದ ಮುಖ್ಯಸ್ಥ ಮೋರಿ ಸಾನ್ ಎನ್ನುವವರು ಒಂದು ಪುಟದ ಪ್ರೋಗ್ರಾಮು ಅಚ್ಚು ಹಾಕಿದ ಕಾಗದ ಕೊಟ್ಟು, ತಪ್ಪು ಹುಡುಕಿ ಎಂದರು. ಗುರುತಿನ ಕಾರ್ಡಿನ ಆ ಎರಡು ಪದ ಬದಲಾಗಬೇಕಾದರೆ ನಾನು ಅಂದು ಗೆಲ್ಲಬೇಕಿತ್ತು. ಎದ್ದು ನಿಂತೆ. ಕಾಗದವನ್ನು ಗೋಡೆಗೆ ಒತ್ತಿ ಹಿಡಿದು, ಕೊನೆಯ ಸಾಲಿನಿಂದ ಬೆರಳಿಟ್ಟು, ಒಂದೊಂದು ಚಿಹ್ನೆಯನ್ನೂ ನನ್ನ ಮುರುಕು ಜಪಾನಿಯಲ್ಲಿ ಕೂಗುತ್ತಾ ಮೇಲಕ್ಕೆ ಬಂದೆ. ಮೋರಿ ಸಾನ್ ಪಕ್ಕದಲ್ಲಿದ್ದ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಮೇಲಿನ ಸಾಲು ಮುಟ್ಟಿದೆ. ತಪ್ಪು ಸಿಗಲಿಲ್ಲ. ಇನ್ನೊಮ್ಮೆ ಬಂದೆ. ಆಗಲೂ ಸಿಗಲಿಲ್ಲ. ಬೆವರಿತು. ಏನಾದರೊಂದು ಹೇಳಿಬಿಡೋಣ ಎಂದು ನಾಲಿಗೆಯ ತುದಿಗೆ ಬಂತು. ಆದರೆ ಬೆರಳಿನ ಕೆಳಗೆ ಇಲ್ಲದ್ದನ್ನು ಕೂಗುವ ಅಭ್ಯಾಸ ಆ ಹೊತ್ತಿಗೆ ಬಿಟ್ಟುಹೋಗಿತ್ತು.

"ಸುಮಿಮಾಸೆನ್" ಎಂದು ಕ್ಷಮೆ ಕೇಳಿ, "ಇದರಲ್ಲಿ ತಪ್ಪಿಲ್ಲ" ಎಂದೆ.

ಮೋರಿ ಸಾನ್ ಕಾಗದ ವಾಪಸು ತೆಗೆದುಕೊಂಡರು. "ಹೌದು, ಇಲ್ಲ" ಎಂದರು. ಈವರೆಗೆ ಬಂದವರೆಲ್ಲ ಒಂದಾದರೂ ತಪ್ಪು ಹುಡುಕಿಕೊಟ್ಟಿದ್ದರಂತೆ. ಹಸಿರು ಟೀ ತರಿಸಿದರು.

ಕೆಲಸ ಸಿಕ್ಕಿದ್ದನ್ನು ಹೇಳಲು ಸಿಹಿ ತೆಗೆದುಕೊಂಡು ಮೇಷ್ಟ್ರ ಮನೆಗೆ ಹೋದೆ. ಮೈಸೂರ್‌ಪಾಕು ಗಟ್ಟಿಯಾಗಿದೆ ಎಂದರು. ಆಮೇಲೆ, ಮೋರಿ ಸಾನ್ ಕೊಟ್ಟ ಕಾಗದದಲ್ಲಿ ನಿಜವಾಗಿ ತಪ್ಪಿರಲಿಲ್ಲವೇ ಎಂದು ಎರಡೆರಡು ಸಲ ಕೇಳಿದರು.

ನನ್ನ ಕಾರ್ಡು ಬದಲಾಯಿತು. ಅವರು ನಿವೃತ್ತರಾಗಿ ಫುಕುವೋಕಾಗೆ, ಮೇಡಂ ಹತ್ತಿರ ಹೋದರು. ಹೊರಡುವ ದಿನ ಮನೆಯ ಬೀಗಕ್ಕೆ, ಗ್ಯಾಸಿಗೆ, ನಲ್ಲಿಗೆ ಬೆರಳು ತೋರಿಸಿ ಯೋಷಿ ಎಂದು, ನಮಗೆ ಮಾತ್ರ ಸರಿಯಾಗಿ ಹೋಗಿಬರುತ್ತೇನೆ ಎನ್ನುವುದನ್ನೂ ಮರೆತು ಟ್ಯಾಕ್ಸಿ ಹತ್ತಿದರು. ಕೆಲವು ವರ್ಷ ಕಳೆದ ಮೇಲೆ ನಮ್ಮ ಕಟ್ಟಡದ ಹಳೆಯ ಮೀಟರುಗಳ ಅವಧಿ ಮುಗಿದು ಹೊಸವು ಬಂದವು. ಗೂಡಿನ ಬಾಗಿಲು ತೆರೆದು ನೋಡಿದರೆ ನಮ್ಮ ಕಂಪನಿಯದೇ ಬೋರ್ಡಿನ ಮಾದರಿ. ಸುದ್ದಿ ಬಂದರೆ ಬಾಗಿಲು ಹಾಕು ಎನ್ನುವ ಸಾಲು ಅದರಲ್ಲಿ ನನ್ನದು. ಮಗಳಿಗೆ ಹೇಳಿದೆ. ಅವಳು ಮೊಬೈಲಿನಿಂದ ಕಣ್ಣು ತೆಗೆಯದೆ "ಸುಗೋಯ್" ಎಂದಳು, ಭಲೇ ಎನ್ನುವ ಹಾಗೆ. ಮನಸ್ಸು ತಡೆಯದೆ ಫುಕುವೋಕಾಗೆ ಫೋನ್ ಮಾಡಿದೆ.

"ಗೋಡೆ ಹತ್ತಿದ್ದು ಸಂತೋಷ" ಎಂದರು. "ನಿಲ್ಲತ್ತಾ?"

"ಲ್ಯಾಬಲ್ಲಿ ನಿಂತಿದೆ ಸಾರ್."

"ಲ್ಯಾಬಲ್ಲಿ ಎಲ್ಲಾರದೂ ನಿಲ್ಲತ್ತೆ. ನಿಮ್ಮನೇಲಿ ನಿಂತ ದಿನ ಫೋನ್ ಮಾಡಿ."

ಅದೇ ನಮ್ಮ ಕೊನೆಯ ಮಾತು ಎಂದು ಹೇಳಿದರೆ ಕಥೆಗೆ ಚೆನ್ನ, ಆದರೆ ಹಾಗಲ್ಲ. ಆಮೇಲೂ ಹಬ್ಬಕ್ಕೆ ಫೋನ್ ಮಾಡಿದ್ದೇನೆ, ಮಂಡಿ ನೋವಿನ ಬಗ್ಗೆ ಮಾತಾಡಿದ್ದೇವೆ. ಆದರೆ ಪ್ರತಿ ಸಲವೂ ಕೊನೆಗೆ, "ಇನ್ನೂ ಇಲ್ವಾ?" ಎನ್ನುತ್ತಿದ್ದರು, ಭೂಕಂಪ ಆಗಿಲ್ಲವೇ ಎಂದು. ಸಣ್ಣಪುಟ್ಟ ಅಲುಗಾಟ ಎಷ್ಟೋ ಆದವು. ಮೀಟರು ನಿಲ್ಲುವಷ್ಟು ಜೋರಾಗಿ ಯಾವುದೂ ಆಗಲಿಲ್ಲ. ಆಗಲಿ ಎಂದು ಬಯಸುವ ಹಾಗೂ ಇರಲಿಲ್ಲ. ಹೀಗಿರುವಾಗಲೇ ದೋಸೆ ಹುಯ್ಯುತ್ತಿದ್ದ ಆ ಬೆಳಿಗ್ಗೆ ಸುದ್ದಿ ಬಂತು. ನನ್ನ ಸಾಲು ಸರಿಯೋ ತಪ್ಪೋ ತಿಳಿಯದೆಯೇ ಅವರು ಹೋದರು. ಅವರು ಹೋದದ್ದಕ್ಕಿಂತ ಇದೇ ನನಗೆ ಹೆಚ್ಚು ದುಃಖ ಕೊಟ್ಟಿತು ಎಂದರೆ ಅವರು ಮಾತ್ರ ಅರ್ಥ ಮಾಡಿಕೊಳ್ಳುತ್ತಿದ್ದರು.

ಕೆಲವು ತಿಂಗಳಾದವು. ಒಂದು ಸಂಜೆ ನಾನು ಹುಳಿ ಕುದಿಸುತ್ತಿದ್ದಾಗ ಮೊಬೈಲುಗಳೆಲ್ಲ ಒಟ್ಟಿಗೆ ಭೂಕಂಪದ ಎಚ್ಚರಿಕೆ ಕಿರುಚಿದವು, ಮರುಕ್ಷಣವೇ ಮನೆ ತೂಗಾಡಿತು. ಪಾತ್ರೆಗಳು ಬಡಿದುಕೊಂಡವು. ಮಗಳು ಮೇಜಿನ ಕೆಳಗೆ ಹೋದಳು. ನಿಂತಿತು ಎನ್ನುವಷ್ಟರಲ್ಲಿ ಮತ್ತೊಮ್ಮೆ ತೂಗಿತು. ಆಮೇಲೆ ನಿಶ್ಶಬ್ದ. ನನ್ನ ಗಂಡ ಅಡುಗೆಮನೆಗೆ ಬಂದು ಒಲೆ ನೋಡಿ, "ಥತ್, ಗ್ಯಾಸ್ ಹೋಯ್ತಲ್ಲೇ" ಎಂದರು.

ನಾನು ಒಲೆಯ ಗುಂಡಿ ತಿರುಗಿಸಿ ಮುಚ್ಚಿ ಕಾರಿಡಾರಿಗೆ ಓಡಿದೆ. ಗೂಡು ತೆರೆದೆ. ಕೆಂಪು ದೀಪ ಮಿಣುಕುತ್ತಿತ್ತು. ಪಕ್ಕದ ಮನೆಯದೂ ನೋಡಿದೆ, ಅದರ ಪಕ್ಕದ್ದೂ ನೋಡಿದೆ. ಎಲ್ಲದರಲ್ಲೂ ಮಿಣುಕುತ್ತಿತ್ತು. ಬೆರಳು ಚಾಚಿದೆ. ಯಾರಿಗಾದರೂ ಹೇಳಬೇಕಿತ್ತು. ಹೇಳಬೇಕಾದವರು ಒಬ್ಬರೇ ಇದ್ದರು. ಅವರ ನಂಬರನ್ನು ನಾನಿನ್ನೂ ಅಳಿಸಿರಲಿಲ್ಲ. ರಿಂಗಾಗುವುದೇ ಇಲ್ಲ ಎಂದುಕೊಂಡು, ಹೇಳಿದ ಮಾತು ನಡೆಸಿದ ಸಮಾಧಾನವಾದರೂ ಇರಲಿ ಎಂದು ಒತ್ತಿದೆ.

ಮೊದಲ ರಿಂಗಿಗೇ ಎತ್ತಿದರು. ಮೇಡಂ. ಫುಕುವೋಕಾದ ಟಿವಿಯಲ್ಲಿ ಟೋಕಿಯೋ ಅಲುಗಿದ ಸುದ್ದಿ ಓಡುತ್ತಿರುವುದು ಅವರ ಹಿಂದಿನಿಂದ ಕೇಳಿಸುತ್ತಿತ್ತು. ನಾನು ಹೆಸರು ಹೇಳುವುದಕ್ಕೂ ಬಿಡಲಿಲ್ಲ.

"ನೀವು ಮಾಡ್ತೀರ ಅಂತ ಹೇಳಿ ಹೋಗಿದ್ರಮ್ಮ. ಅದಕ್ಕೇ ಈ ಫೋನ್ ಚಾರ್ಜಿಗೆ ಹಾಕ್ಕೊಂಡೇ ಇದೀನಿ" ಎಂದರು. ಆಮೇಲೆ ಕೇಳಿದರು, "ನಿಂತಿತಾ?"

"ನಿಂತಿತು ಮೇಡಂ" ಎಂದೆ. "ತುಂಬ ಚೆನ್ನಾಗಿ ನಿಂತಿತು."